ನೀವು ಕೇಳಿದ್ದು ದೇವರನ್ನ

ಮಂಜಮ್ಮ ಮೇಡಂ ಮನೆಯಲ್ಲಿ ಒಲೆಗಿಂತ ಮೊದಲು ಸಿಟ್ಟು ಹತ್ತಿಕೊಳ್ಳುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಹಾಲಿನವನು ನೀರು ಬೆರೆಸಿದರೆ ಇಡೀ ಬೀದಿಯ ಪರವಾಗಿ ಜಗಳಕ್ಕೆ ನಿಲ್ಲುವವಳು ಅವಳೇ. ನಲ್ಲಿ ನೀರು ಎರಡು ದಿನ ತಪ್ಪಿದರೆ ಖಾಲಿ ಕೊಡ ಹಿಡಿದು ಪುರಸಭೆಯ ಮೆಟ್ಟಿಲು ಹತ್ತುವವಳೂ ಅವಳೇ. ಎದುರುಮನೆ ಪಾಪಕ್ಕ ಈ ಸಿಟ್ಟಿಗೊಂದು ಕಾರಣವನ್ನೂ ಹುಡುಕಿಟ್ಟಿದ್ದಳು.

"ಕದಿರಿ ನರಸಿಂಹಸ್ವಾಮಿ ಒಕ್ಕಲು ಕಣಮ್ಮ ಅವ್ರು. ಕಂಬ ಸೀಳ್ಕೊಂಡು ಬಂದ ದೇವ್ರು, ಮೇಡಮ್ಮನ ಮೂಗಿನ ತುದೀಲಿ ಕುಂತವ್ನೆ. ಸಿಟ್ಟು ಬರ್ದೆ ಇನ್ನೇನ್ ಬಂದಾತು?"

ಹೀಗೆ ಹೇಳಿ ಹೆಂಗಸರೆಲ್ಲ ನಗುತ್ತಿದ್ದರು. ಆ ನಗೆಯಲ್ಲಿ ಅಕ್ಕರೆ ಇತ್ತು, ನಮ್ಮವಳು ಎನ್ನುವ ಅಕ್ಕರೆ. ಎಲ್ಲ ಕೆಟ್ಟದ್ದು ಆ 'ನಮ್ಮವಳು' ಎಂಬ ಮಾತಿನಿಂದಲೇ. ಅದು ಹೇಗೆ ಅಂತೀರಾ? ಕೇಳಿ.

ಮಧುಗಿರಿ ಬೆಟ್ಟದ ಬುಡಕ್ಕೆ ಒರಗಿಕೊಂಡಂತಿರುವ ಬೀದಿ ಅದು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಹೊತ್ತು ಮುಳುಗಿದ ಮೇಲೆ ಅಷ್ಟನ್ನೂ ಬೀದಿಯ ಮೇಲೆ ಉಸಿರು ಬಿಡುತ್ತದೆ. ಮಹಡಿಯ ಮೇಲೆ ಮನೆಯೊಡತಿ ಮಹಾಲಕ್ಷ್ಮಮ್ಮ, ಕೆಳಗೆ ಬಾಡಿಗೆಗೆ ಮಂಜಮ್ಮ ಮತ್ತು ಅವಳ ತಾಯಿ ದಾಸಮ್ಮ. ಮಂಜಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷವಾದರೂ ಅತಿಥಿಯೇ. ಪ್ರತಿ ವರ್ಷ ಅರ್ಜಿ ಹಾಕಬೇಕು, ಪ್ರತಿ ವರ್ಷ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ನೋಡಬೇಕು. "ಇಷ್ಟು ವರ್ಷ ಉಳಿದ ನೆಂಟರನ್ನ ಯಾವ ಮನೇಲೂ ಇಟ್ಕೊಳ್ಳಲ್ಲ, ಸರ್ಕಾರ ಇಟ್ಕೊಂಡಿದೆ, ಊಟಕ್ಕೆ ಮಾತ್ರ ಕರೆಯಲ್ಲ" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಅವಳು ಹುಟ್ಟಿದ್ದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿ. ಅಪ್ಪ ಚಿಕ್ಕನರಸಯ್ಯ ದಾಸಯ್ಯ. ಶ್ರಾವಣದ ಶನಿವಾರ ಬಂತೆಂದರೆ ಹಣೆಗೆ ಮೂರು ನಾಮ ಎಳೆದು, ಶಂಖ ಜಾಗಟೆ ಹಿಡಿದು ಸುತ್ತಿನ ಊರುಗಳಿಗೆಲ್ಲ ಹೋಗುತ್ತಿದ್ದ. ಶಂಖ ಊದುವವರೆಗೆ ಅವನು ದೇವರ ದಾಸ, ಜನ ಕೈ ಮುಗಿಯುತ್ತಿದ್ದರು. ಊದಿ ಮುಗಿಸಿದ ಮರುಗಳಿಗೆ ಅಂಗಳದಾಚೆ ನಿಲ್ಲಬೇಕಾದವನು. ರಾಗಿ ಹಿಟ್ಟು ಮೇಲಿನಿಂದ ಜೋಳಿಗೆಗೆ ಬೀಳುತ್ತಿತ್ತು, ಕೈ ತಾಗದ ಹಾಗೆ. ಅಪ್ಪನ ಹಿಂದೆ ಹೋಗುತ್ತಿದ್ದ ಮಂಜಮ್ಮ ಅದನ್ನು ನೋಡಿಯೇ ಬೆಳೆದಳು. ಇತಿಹಾಸ ಓದಿದ್ದು ಆಮೇಲೆ.

ಒಂಬತ್ತು ವರ್ಷದ ಹಿಂದೆ ತಾಯಿ ಮಗಳು ಮನೆ ಹುಡುಕುತ್ತ ಈ ಬೀದಿಗೆ ಬಂದಾಗ ಅದಾಗಲೇ ಆರು ಬಾಗಿಲು ಮುಗಿದಿದ್ದವು. ಏಳನೆಯದು ಮಹಾಲಕ್ಷ್ಮಮ್ಮನದು. ಆ ಬೀದಿಯಲ್ಲಿ ಓದಿದವರನ್ನು ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ. ಅದು ಮರ್ಯಾದೆಯಲ್ಲ. ಮನೆದೇವರು ಯಾವುದು ಎಂದು ಕೇಳುತ್ತಾರೆ. ದೇವರ ಹೆಸರು ಹೇಳಿದರೆ ಮಿಕ್ಕಿದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

"ಮನೆದೇವ್ರು ಯಾವ್ದಮ್ಮ ನಿಮ್ದು?"

"ಕದಿರಿ ನರಸಿಂಹಸ್ವಾಮಿ ತಲ್ಲೀ," ಎಂದಳು ದಾಸಮ್ಮ. "ನಮ್ಮ ಯಜಮಾನ್ರು ದಾಸಯ್ಯ ಆಗಿದ್ರು. ಶಂಖ ಊದಿದ್ರೆ ನಾಲ್ಕು ಊರಿಗೆ ಕೇಳಿಸ್ತಿತ್ತು."

ಮಹಾಲಕ್ಷ್ಮಮ್ಮನ ಮುಖ ಅರಳಿತು. "ಅಯ್ಯೋ, ನಮ್ದೂ ಅದೇ ದೇವ್ರು ಕಣಮ್ಮ! ನಮ್ಮೋರೇ ಅನ್ನಿ! ಬಿಸಿಲಲ್ಲಿ ಯಾಕೆ ನಿಂತಿದೀರಾ, ಬನ್ನಿ ಒಳಕ್ಕೆ."

ಕದಿರಿ ನರಸಿಂಹನಿಗೆ ಯಾವ ಜಾತಿಯವರು ಒಕ್ಕಲಿಲ್ಲ? ಅದು ಮಹಾಲಕ್ಷ್ಮಮ್ಮನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮಂಜಮ್ಮ ಹೇಳಬೇಕೆಂದು ಬಾಯಿ ತೆರೆದಳು. ಆರು ಬಾಗಿಲು ನೆನಪಾದವು. ಅಮ್ಮನ ಪಾದ ಊದಿದ್ದು ಕಂಡಿತು. ತೆರೆದ ಬಾಯಿ ಮುಚ್ಚಿದಳು. ಅಮ್ಮ ಪಾಪ ತಿಳಿಯದೆ ಹೇಳಿದ್ದು, ಅದರಲ್ಲಿ ಸುಳ್ಳೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಮಹಡಿಯಿಂದ ಮಜ್ಜಿಗೆ ಚೊಂಬು ಇಳಿಯುತ್ತಿತ್ತು, ಕೆಳಗಿನಿಂದ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಹತ್ತುತ್ತಿತ್ತು. ಸಂಜೆ ಜಗಲಿಯ ಮೇಲೆ ಇಬ್ಬರು ಮುದುಕಿಯರು ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು. ಮಹಾಲಕ್ಷ್ಮಮ್ಮ ಕಾಲು ಮುರಿದುಕೊಂಡು ಮಲಗಿದಾಗ ಎರಡು ತಿಂಗಳು ಸ್ನಾನ ಮಾಡಿಸಿ ಜಡೆ ಹೆಣೆದವಳು ಮಂಜಮ್ಮ. ಮಹಾಲಕ್ಷ್ಮಮ್ಮನ ಮಗ ಚೇತನ್ ಕುಮಾರ್ ಕೊರಟಗೆರೆಯಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶದ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದವಳೂ ಮಂಜಮ್ಮನೇ. "ನಮ್ ಮೇಡಮ್ಮನ ಕೈಯಿಂದ ಎರಡು ಜಾಸ್ತಿ ತಿನ್ರೀ" ಎಂದು ಮಹಾಲಕ್ಷ್ಮಮ್ಮ ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದ್ದಳು.

ಈ ವರ್ಷ ಮಂಜಮ್ಮನ ಕೆಲಸ ಎರಡು ಊರಿಗೆ ಹಂಚಿಹೋಯಿತು. ವಾರದಲ್ಲಿ ಮೂರು ದಿನ ಮಧುಗಿರಿಯ ಕಾಲೇಜು, ಮೂರು ದಿನ ಶಿರಾದ ಕಾಲೇಜು. ಬಡವನಹಳ್ಳಿ ಮೇಲೆ ಬಸ್ಸಿನಲ್ಲಿ ಹೋಗುವುದು, ಬರುವುದು. ವಾಣಿಜ್ಯ ವಿಭಾಗದ ಪ್ರಸನ್ನ ಕುಮಾರ್‌ಗೂ ಅದೇ ಪಾಡು. ಅವನು ಶಿರಾದವನು. ಮಧುಗಿರಿಯ ಸ್ಟಾಫ್ ರೂಮಿನಲ್ಲಿ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಇಬ್ಬರೂ ಕೂತರೆಂದರೆ ಇರುವುದಕ್ಕೆ ಯಾವ ಊರು ಮೇಲು ಎಂಬ ಜಗಳ ಶುರುವಾಗುತ್ತಿತ್ತು. ಮಿಕ್ಕವರು ಟೀ ಹಿಡಿದು ಕೇಳುತ್ತಿದ್ದರು.

"ನಿಮ್ಮ ಮಧುಗಿರೀಲಿ ಏನಿದೆ ಮೇಡಂ? ಒಂದು ಬಂಡೆ. ಅದು ಬಿಟ್ರೆ ಅದರ ನೆರಳು. ನಮ್ ಸಿರಾ ನೋಡಿ, ಹೈವೇ ಮೇಲಿದೆ. ಮನೆಯಿಂದ ಕಾಲು ಹೊರಗಿಟ್ರೆ ದಾವಣಗೆರೆ ಬಸ್ಸು, ಹುಬ್ಬಳ್ಳಿ ಬಸ್ಸು."

"ಬಿಟ್ಟು ಹೋಗೋದಕ್ಕೆ ಒಳ್ಳೇ ಊರು ಅನ್ನಿ. ನಾನು ಕೇಳಿದ್ದು ಇರೋದಕ್ಕೆ."

"ಇರೋದಕ್ಕೂ ಅದೇ ವಾಸಿ. ನಿಮ್ಮೂರಲ್ಲಿ ಸೆಖೆಗೆ ಮನುಷ್ಯ ಬೆಂದೋಗ್ತಾನೆ."

"ನಿಮ್ಮೂರಲ್ಲಿ ಗಾಳಿಗೆ ಹಾರೋಗ್ತಾನೆ. ಮೊನ್ನೆ ಕ್ಯಾಂಟೀನಲ್ಲಿ ತಿಂದಿದ್ದು ದೋಸೆನೋ ಧೂಳೋ ಇನ್ನೂ ಗೊತ್ತಾಗಿಲ್ಲ."

"ತಿನ್ನೋ ವಿಷಯಕ್ಕೆ ಬರಬೇಡಿ ಮೇಡಂ! ನಮ್ಮೂರ ಬಿರಿಯಾನಿ ತಿಂದೋರು ನಿಮ್ಮೂರಿಗೆ ಬಂದು ಮುದ್ದೆ ನುಂಗ್ತಾರಾ? ಆಮೇಲೆ ಒಂದು ಮಾತು. ಸಿರಾದಲ್ಲಿ ಸಾಬ್ರು, ನಾವು, ಎಲ್ಲಾ ಬೆರೆತೋಗಿದೀವಿ. ಯಾರು ಏನು ಅಂತ ಒಬ್ರೂ ಕೇಳಲ್ಲ. ಬಂದ್ಬುಡಿ ಅಲ್ಲಿಗೇ."

ಶಿರಾದ ಮಕ್ಕಳನ್ನು ಮಂಜಮ್ಮ ಮೆಚ್ಚಿದ್ದಳು. ಕನ್ನಡದಲ್ಲಿ ಉತ್ತರ ಹೇಳಿ ಉರ್ದುವಿನಲ್ಲಿ ನಗುವ ಮಕ್ಕಳು. ಆದರೂ ಊರು ಬಿಡುವ ಮಾತಿಗೆ ಅವಳು ಒಪ್ಪುತ್ತಿರಲಿಲ್ಲ. "ಮಹಾಲಕ್ಷ್ಮಮ್ಮನ ಮಜ್ಜಿಗೆ ಬಿಟ್ಟು ನಾನೆಲ್ಲಿಗೂ ಬರಲ್ಲ ಸರ್. ಊರು ಅಂದ್ರೆ ಬಸ್ಸಲ್ಲ, ಅಕ್ಕಪಕ್ಕದೋರು" ಎನ್ನುತ್ತಿದ್ದಳು. ಆ ಸುತ್ತಿನ ಜಗಳ ಅವಳೇ ಗೆಲ್ಲುತ್ತಿದ್ದಳು.

ಹೀಗಿರುವಾಗ ಮಂಜಮ್ಮನ ಅಣ್ಣನ ಮಗಳ ಮದುವೆ ಗೊತ್ತಾಯಿತು. ಅಣ್ಣ ರಂಗನಾಥ ಪಾವಗಡದಲ್ಲಿ ಮೇಷ್ಟರು. ಅಪ್ಪ ಸತ್ತ ಮೇಲೆ ಬೌದ್ಧನಾದವನು. ಮಂಜಮ್ಮ ಲಗ್ನಪತ್ರಿಕೆ ಹಿಡಿದು ತಾನೇ ಮಹಡಿ ಹತ್ತಿದಳು. ಮಹಾಲಕ್ಷ್ಮಮ್ಮ ಕನ್ನಡಕ ಸಿಗದೆ ಪತ್ರಿಕೆಯನ್ನು ತೋಳುದ್ದ ಹಿಡಿದು ನೋಡಿದಳು.

"ಇದೇನ್ ಮೇಡಂ, ನರಸಿಂಹಸ್ವಾಮಿ ಇರೋ ಜಾಗ್ದಲ್ಲಿ ಬುದ್ಧ ಕುಂತವ್ನೆ? ಪ್ರೆಸ್ಸಿನೋರು ಬೇರೆ ಯಾರ್ದೋ ಹಾಕ್ಬುಟ್ಟವ್ರಾ?"

"ಇಲ್ಲ, ನಮ್ಮದೇ. ಅಣ್ಣ ಬೌದ್ಧ."

ಬುದ್ಧನ ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರಿದ್ದರು. ಮಹಾಲಕ್ಷ್ಮಮ್ಮನ ಕಣ್ಣು ಅಲ್ಲಿಗೆ ಹೋಯಿತು, ಅಲ್ಲಿಂದ ಮಂಜಮ್ಮನ ಮುಖಕ್ಕೆ, ಮತ್ತೆ ಪತ್ರಿಕೆಗೆ. ಒಂಬತ್ತು ವರ್ಷದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಕೂಡಿಕೊಂಡಂತೆ ತುಟಿ ಅಲುಗಿದವು.

"ಅಂಗಾ," ಎಂದಳು. ಅಷ್ಟೇ.

ಮಾರನೆಯ ದಿನ ಮಜ್ಜಿಗೆ ಚೊಂಬು ಇಳಿಯಲಿಲ್ಲ. ಹಸು ಬತ್ತಿದೆಯೇನೋ ಎಂದುಕೊಂಡಳು ದಾಸಮ್ಮ. ಮೂರನೆಯ ದಿನ ತಾನೇ ರೊಟ್ಟಿ ಹಿಡಿದು ಮೆಟ್ಟಿಲು ಹತ್ತಿದಳು. "ಹೊಟ್ಟೆ ಸರಿ ಇಲ್ಲ ಕಣಮ್ಮ, ಬ್ಯಾಡ" ಎಂಬ ಮಾತು ಬಾಗಿಲ ಹಿಂದಿನಿಂದಲೇ ಬಂತು. ಆ ವಾರದಲ್ಲಿ ಜಗಲಿಯ ಮೇಲೆ ದಾಸಮ್ಮ ಕೂರುವ ಜಾಗದಲ್ಲಿ ತುಳಸಿ, ದಾಸವಾಳದ ಕುಂಡಗಳು ಬಂದು ಕೂತವು. ಅವನ್ನು ನೋಡಿ ದಾಸಮ್ಮ ಒಳಗೆ ಹೋದಳು. ಎದುರುಮನೆ ಪಾಪಕ್ಕನ ಮಾತೂ ತಿರುಗಿತು. "ಅದಕ್ಕೇ ಕಣಮ್ಮ ಅಷ್ಟು ಸಿಟ್ಟು ಅವ್ಳಿಗೆ. ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದು ನಲ್ಲಿಯ ಹತ್ತಿರ ಹೇಳುತ್ತಿದ್ದದ್ದು ಮಂಜಮ್ಮನ ಕಿವಿಗೇ ಬಿತ್ತು. ನರಸಿಂಹಸ್ವಾಮಿ ಅವಳ ಮೂಗಿನ ತುದಿಯಿಂದ ಎದ್ದು ಹೋಗಿದ್ದ.

ರಂಗನಾಥ ಫೋನಿನಲ್ಲಿ ಕಂಪ್ಲೇಂಟ್ ಕೊಡು ಎಂದ. "ಏನಂತ ಬರೀಲಿ ಅಣ್ಣ? ಮಜ್ಜಿಗೆ ನಿಲ್ಲಿಸಿದರು ಅಂತಾನಾ? ಜಗಲಿ ಮೇಲೆ ದಾಸವಾಳ ಇಟ್ಟರು ಅಂತಾನಾ?" ಎಂದು ಅವನ ಮೇಲೂ ರೇಗಿದಳು.

ಒಂದು ಬೆಳಿಗ್ಗೆ ಮಹಾಲಕ್ಷ್ಮಮ್ಮ ಅರ್ಧ ಮೆಟ್ಟಿಲಿಳಿದು ನಿಂತು ಹೇಳಿದಳು. "ನಮ್ ಚೇತನ್‌ಗೆ ಮನೆ ಬೇಕಂತೆ ಮೇಡಂ. ಆಷಾಢ ಕಳೀತಿದ್ದಂಗೆ ಬರ್ತಾನೆ. ನೀವು ಬೇರೆ ಕಡೆ ನೋಡ್ಕೊಂಬುಡಿ."

"ಚೇತನ್ ಕೊರಟಗೆರೇಲಿ ಹೋದ ವರ್ಷ ತಾನೇ ಮನೆ ಕಟ್ಟಿಸಿದ್ದು? ಅಲ್ಲಿ ಹೋಳಿಗೆ ಬಡಿಸಿದ್ದು ನಾನೇ. ಅಷ್ಟು ಬೇಗ ಸೋರ್ತಾ ಇದೆಯಾ ಅದು?"

ಮಹಾಲಕ್ಷ್ಮಮ್ಮ ಸೆರಗಿನ ತುದಿ ಸುತ್ತಿಕೊಂಡಳು. "ನೀವು ಮೊದ್ಲೇ ಹೇಳ್ಬೇಕಿತ್ತು ಮೇಡಂ. ಮರೆಮಾಚಿದ್ದು ತಪ್ಪಲ್ವಾ?"

"ಏನನ್ನ ಮರೆಮಾಚಿದ್ವಿ? ನೀವು ಕೇಳಿದ್ದು ದೇವರನ್ನ. ನಾವು ಹೇಳಿದ್ದೂ ದೇವರನ್ನ. ಅದರಲ್ಲಿ ಸುಳ್ಳಿದ್ರೆ ಆ ದೇವರನ್ನೇ ಕೇಳಿ. ನಮ್ಮಪ್ಪ ಎಲ್ಲಿ ನಿಂತ್ಕೊಂಡು ಶಂಖ ಊದ್ತಿದ್ದ ಅಂತ ಅವನಿಗೆ ಗೊತ್ತು."

"ನಂಗೇನೂ ಇಲ್ಲ ಕಣಮ್ಮ. ಜನ ಆಡ್ಕೊಂತಾರೆ..."

"ಯಾವ ಜನ? ಕರೀರಿ ಇಲ್ಲಿಗೆ. ನೀವು ಕಾಲು ಮುರ್ಕೊಂಡು ಮಲಗಿದಾಗ ಯಾವ ಜನ ಬಂದು ನಿಮ್ಮ ಬೆನ್ನುಜ್ಜಿದ್ರು? ಅವರನ್ನ ಕರೀರಿ, ನಾನೂ ನೋಡ್ತೀನಿ!"

ಮಹಾಲಕ್ಷ್ಮಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಮಂಜಮ್ಮನ ಸಿಟ್ಟು ನೆತ್ತಿಗೇರಿತು. ಹೊರಗೆ ಹಾಕುವವರು ಇವರು, ಅಳುವವರೂ ಇವರೇ. ಸಮಾಧಾನ ಮಾಡುವ ಕೆಲಸವನ್ನೂ ನಾನೇ ಮಾಡಬೇಕೇನು ಎಂದು ಬಾಗಿಲು ಹಾಕಿಕೊಂಡಳು.

ಶಿರಾದಲ್ಲಿ ಮನೆ ನೋಡಬೇಕೆಂದಾಗ ಪ್ರಸನ್ನ ಕುಮಾರ್ ಮೇಜು ತಟ್ಟಿದ. "ನಾನೇನ್ ಹೇಳ್ತಿದ್ದೆ! ಬನ್ನಿ ಮೇಡಂ. ಅಡವಯ್ಯ ಅಂತ ಬ್ರೋಕರ್ ಇದಾನೆ, ಒಂದೇ ದಿನದಲ್ಲಿ ಮನೆ ಮಾಡ್ಕೊಡ್ತಾನೆ."

ಭಾನುವಾರ ತಾಯಿ ಮಗಳು ಶಿರಾ ಬಸ್ ನಿಲ್ದಾಣದಲ್ಲಿ ಇಳಿದರು. ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಮಂಜಮ್ಮ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಈ ಸಲ ಅರ್ಧ ಮಾತಿನ ಮೇಲೆ ಮನೆ ಬೇಡ. ಪೂರ್ತಿ ಹೇಳಿದ ಮೇಲೆ ಯಾರು ಕೊಡುತ್ತಾರೋ ಅವರ ಮನೆಯೇ ಆಗಬೇಕು. ಅಡವಯ್ಯ ಕೊಡೆ ಬಿಚ್ಚಿಕೊಂಡು ಮುಂದೆ ನಡೆದ.

ಮೊದಲ ಮನೆಯ ಯಜಮಾನ ನೀರಿನ ತೊಟ್ಟಿ ತೋರಿಸುವ ಮುಂಚೆಯೇ ಕೇಳಿದ. "ನೀವು ಯಾವ ಪೈಕಿ?"

"ಎಸ್ಸಿ."

"ಓ... ನಿನ್ನೆನೇ ಒಬ್ರು ಮಾತಾಡ್ಕೊಂಡು ಹೋದ್ರಲ್ಲ. ನಮ್ಮೆಜಮಾನ್ತಿ ಹೇಳೇ ಇಲ್ಲ ನೋಡಿ ನಂಗೆ."

ಎರಡನೆಯ ಮನೆಯವರು ತಾವು ವೆಜ್ ಎಂದರು. ಗೇಟಿನಲ್ಲಿ ಅವರ ನಾಯಿ ಕೋಳಿ ಮೂಳೆ ಕಡಿಯುತ್ತಿತ್ತು. "ನಾಯಿ ಮಾತ್ರ ನಾನ್‌ವೆಜ್ಜಾ?" ಎಂದು ಮಂಜಮ್ಮ ಕೇಳಿಯೇ ಬಂದಳು. ಅಡವಯ್ಯ ಬೀದಿ ತಿರುವಿನಲ್ಲಿ ನಿಂತು ಕೊಡೆ ಮಡಚಿದ.

"ಮೇಡಂ, ನೀವು ಯಾಕೆ ಇಂಗೆ ಪೂರ್ತಿ ಹೇಳ್ತೀರಾ? ಮನೆದೇವ್ರು ಯಾವ್ದು ನಿಮ್ದು?"

"ಕದಿರಿ ನರಸಿಂಹಸ್ವಾಮಿ," ಎಂದಳು ದಾಸಮ್ಮ.

"ಆಹಾ! ಅಷ್ಟು ಹೇಳ್ಬುಡಿ, ಸಾಕು. ಅದು ಎಲ್ಲಾರ್ಗೂ ದೇವ್ರು. ಅವ್ರು ಏನ್ ತಿಳ್ಕೊಂತಾರೋ ತಿಳ್ಕೊಳ್ಲಿ. ಅದು ಬ್ಯಾಡ ಅಂದ್ರೆ ನಿಮ್ಮೋರ ಕಾಲೋನೀಲಿ ಬೇಕಾದಷ್ಟು ಮನೆ ಅವೆ."

"ಕಾಲೋನಿ ಎಲ್ಲಿದೆ ಅಂತ ನಂಗೆ ಗೊತ್ತು ಅಡವಯ್ಯನವರೆ. ಅಲ್ಲಿಗೆ ಹೋಗೋಕೆ ಬ್ರೋಕರ್ ಬೇಡ. ನಾನು ಕೇಳಿದ್ದು ಊರಲ್ಲಿ."

ಆಮೇಲೆ ಮಂಜಮ್ಮ ತಾಯಿಯ ಕಡೆ ತಿರುಗಿದಳು. ಒಂಬತ್ತು ವರ್ಷ ಕೇಳದೆ ಬಿಟ್ಟದ್ದನ್ನು ಶಿರಾದ ಆ ಬೀದಿಯ ತಿರುವಿನಲ್ಲಿ ಕೇಳಿದಳು. "ಅಮ್ಮಾ, ಮಹಾಲಕ್ಷ್ಮಮ್ಮನ ಬಾಗಿಲಲ್ಲಿ ನೀನು ತಿಳಿದೇ ಹೇಳಿದ್ದಾ?"

ದಾಸಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ತೆಲುಸು ತಲ್ಲೀ. ಗೊತ್ತಿದ್ದೇ ಹೇಳ್ದೆ. ಆ ಯಮ್ಮ ನಗ್ತಾ ಕರೀತಿದ್ಲು. ನಿನ್ ಮುಖ ನೋಡ್ದೆ, ಬಾಡೋಗಿತ್ತು. ಹೇಳ್ಬುಟ್ಟೆ. ಯಾಕೆ, ನಿಂಗೂ ಗೊತ್ತಿತ್ತಲ್ಲ?"

"ಗೊತ್ತಿತ್ತು."

ಇಬ್ಬರೂ ಅಡವಯ್ಯನ ಹಿಂದೆ ನಡೆದರು. ಬೇರೆಯವರ ಮೇಲೆ ಬಂದಿದ್ದ ಸಿಟ್ಟಿನಲ್ಲಿ ಒಂದು ಪಾಲು ಮಂಜಮ್ಮನ ಮೇಲೇ ತಿರುಗಿ ನಿಂತಿತು.

ಮೂರನೆಯ ಮನೆಯಾಕೆ ಒಳ್ಳೆಯವಳಂತೆ ಕಂಡಳು. ಕುಡಿಯಲು ನೀರು ಕೊಟ್ಟಳು, ಅಡುಗೆಮನೆ ತೋರಿಸಿದಳು, ದಾಸಮ್ಮನನ್ನು ಅಜ್ಜಿ ಎಂದು ಕರೆದಳು. ಕೊನೆಗೆ ಕೇಳಿದಳು. "ಮನೆದೇವ್ರು ಯಾವ್ದಜ್ಜಿ?"

ಅಡವಯ್ಯ ಹಿಂದಿನಿಂದ ಕೆಮ್ಮಿದ. ಮಂಜಮ್ಮ ಬಾಯಿ ತೆರೆಯುವ ಮೊದಲೇ ದಾಸಮ್ಮ ನೆಟ್ಟಗೆ ನಿಂತಳು. "ಕದಿರಿ ನರಸಿಂಹಸ್ವಾಮಿ ತಲ್ಲೀ. ನಾವು ಎಸ್ಸಿ. ದೇವ್ರು ನಿಮ್ದೂ ಅದೇ ಇರ್ಬೋದು, ಜಾತಿ ಬೇರೆ. ಈಗ ಹೇಳು, ಮನೆ ಕೊಡ್ತೀಯಾ?"

ಆಕೆಯ ನಗು ಹಾಗೇ ಇತ್ತು. "ನಮ್ಮೆಜಮಾನ್ರನ್ನ ಕೇಳಿ ಫೋನ್ ಮಾಡ್ತೀನಜ್ಜಿ" ಎಂದಳು. ಫೋನ್ ನಂಬರು ಮಾತ್ರ ಕೇಳಲಿಲ್ಲ.

ಹಿಂತಿರುಗುವಾಗ ಅಡವಯ್ಯ ಒಂದು ಬೀದಿಯನ್ನು ಬಳಸಿಕೊಂಡು ಹೋಗಲು ನೋಡಿದ. ಬಿಸಿಲಿಗೆ ಸುತ್ತು ದಾರಿ ಯಾಕೆ ಎಂದು ಮಂಜಮ್ಮ ನೇರವಾಗಿ ನಡೆದಳು. ನಾಲ್ಕನೆಯ ಮನೆಯ ಗೇಟಿಗೆ ತಗಡಿನ ಬೋರ್ಡು: ಮಹಡಿ ಮನೆ ಬಾಡಿಗೆಗೆ ಇದೆ. ಕೆಳಗೆ ಫೋನ್ ನಂಬರು. ಆ ನಂಬರು ಅವಳಿಗೆ ಬಾಯಿಪಾಠ. ಟೈಮ್‌ಟೇಬಲ್ ಅದಲು ಬದಲು ಮಾಡಿಕೊಳ್ಳಲು ವಾರಕ್ಕೆರಡು ಸಲ ಒತ್ತುವ ನಂಬರು ಅದು.

"ಇದು ಪ್ರಸನ್ನ ಕುಮಾರ್ ಸರ್ ಮನೆ ಅಲ್ವಾ ಅಡವಯ್ಯನವರೆ?"

ಅಡವಯ್ಯ ಕೊಡೆಯ ಕಡ್ಡಿ ಎಣಿಸಿದ. "ಊ... ಸಾರು ಇದೊಂದ್ ಬುಟ್ಟು ಮಿಕ್ಕಿದ್ದೆಲ್ಲಾ ತೋರ್ಸು ಅಂದಿದ್ರು ಮೇಡಂ."

ಮಂಜಮ್ಮ ತನ್ನ ಫೋನ್ ತೆಗೆಯಲಿಲ್ಲ. ಅಮ್ಮನ ಚಿಕ್ಕ ಫೋನ್ ಇಸಿದುಕೊಂಡು ಆ ಗೇಟಿನ ಮುಂದೆಯೇ ನಿಂತು ಒತ್ತಿದಳು.

"ಹಲೋ, ಮಹಡಿ ಮನೆ ಖಾಲಿ ಇದೆಯಾ?"

"ಇದೆ, ಇದೆ. ನೀರು ಗಾಳಿ ಎಲ್ಲಾ ಚೆನ್ನಾಗಿದೆ," ಎಂದಿತು ಪ್ರಸನ್ನ ಕುಮಾರನ ದನಿ. "ಯಾರು ಮಾತಾಡ್ತಿರೋದು? ಯಾವ ಪೈಕಿ ನೀವು?"

"ನಿಮ್ಮ ಪಕ್ಕದ ಕುರ್ಚಿ ಪೈಕಿ ಸರ್."

ಆ ಕಡೆಯ ದನಿ ಒಮ್ಮೆಲೇ ತಗ್ಗಿತು. "ಮೇಡಂ... ತಪ್ಪು ತಿಳೀಬೇಡಿ... ನಂಗೇನಿಲ್ಲ, ನಮ್ಮಮ್ಮ ಸ್ವಲ್ಪ ಹಳೇ ಕಾಲದೋರು..."

"ನಮ್ಮಮ್ಮನೂ ಹಳೇ ಕಾಲದೋಳೇ. ನಿಮ್ಮ ಗೇಟ್ ಮುಂದೆ ಬಿಸಿಲಲ್ಲಿ ನಿಂತವಳೆ, ಬಂದು ನೋಡಿ. ನಿಮ್ಮೂರಲ್ಲಿ ಯಾರೂ ಕೇಳಲ್ಲ ಅಂತಿದ್ರಲ್ಲ ಸರ್, ನಿಜ. ನನ್ನನ್ನ ನೀವು ಕೇಳ್ಲಿಲ್ಲ. ಮೊದಲೇ ತಿಳ್ಕೊಂಡಿದ್ರಿ, ಬ್ರೋಕರ್‌ಗೂ ತಿಳಿಸಿದ್ರಿ. ಆ ಮಹಾಲಕ್ಷ್ಮಮ್ಮ ತಿಳೀದೆ ಒಂಬತ್ತು ವರ್ಷ ಮನೆ ಕೊಟ್ಟಳು. ನೀವು ತಿಳಿದು ಒಂದು ದಿನ ಕೊಡಲಿಲ್ಲ. ನಾಳೆಯಿಂದ ಸ್ಟಾಫ್ ರೂಮಲ್ಲಿ ಊರಿನ ಮಾತು ಎತ್ತಬೇಡಿ. ಎತ್ತಿದ್ರೆ ಈ ಬೋರ್ಡನ್ನ ಕಿತ್ತು ತಂದು ನಿಮ್ಮ ಕುರ್ಚಿಗೆ ನೇತು ಹಾಕ್ತೀನಿ!"

ಬೀದಿಯೆಲ್ಲ ಕಿಟಕಿ ತೆರೆದವು. ಎದುರಿನ ತಗ್ಗು ಮನೆಯ ಹೊಸ್ತಿಲಲ್ಲಿ ಜೈತೂನ್‌ಬೀ ಎಂಬ ಮುದುಕಿ ಹುಣಸೆಹಣ್ಣಿನ ನಾರು ಬಿಡಿಸುತ್ತ ಕೂತಿದ್ದಳು. "ಕ್ಯಾ ಹುವಾ ಬೇಟೀ? ಯಾಕಮ್ಮ ಅಂಗೆ ಕೂಗ್ತೀಯಾ?" ಎಂದಳು.

"ಮನೆ ಬೇಕಿತ್ತು. ಈ ಊರಲ್ಲಿ ಮನೆ ಇಲ್ಲ, ಬರೀ ಬೋರ್ಡು ಇದಾವೆ."

"ನಮ್ದು ಹಿಂದ್ಗಡೆ ಎರಡು ರೂಮ್ ಐತೆ. ಶೀಟು. ಮಧ್ಯಾಹ್ನ ಕಾಯ್ತದೆ."

ಮಂಜಮ್ಮನಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದೇ ಉಸಿರಿಗೆ ಹೇಳಿದಳು. "ನಾವು ಎಸ್ಸಿ. ಮನೆದೇವರು ನರಸಿಂಹ, ಅಣ್ಣ ಬೌದ್ಧ. ನಂಗೆ ಮದುವೆ ಆಗಿಲ್ಲ, ಮನೇಲಿ ಗಂಡಸ್ರಿಲ್ಲ. ಮಟನ್ ತಿಂತೀವಿ. ನಂಗೆ ಸಿಟ್ಟು ಜಾಸ್ತಿ."

"ಅಲ್ಲಮ್ಮ, ನಾನು ಕೇಳೇ ಇಲ್ವಲ್ಲ?"

"ಕೇಳದಿದ್ರೂ ಹೇಳ್ತೀನಿ! ಆಮೇಲೆ ಮೊದ್ಲೇ ಹೇಳ್ಬೇಕಿತ್ತು ಅನ್ಬೇಡಿ."

"ಅಚ್ಛಾ. ಮುಗೀತಾ?" ಮುದುಕಿ ಕೈಗೆ ಅಂಟಿದ ಹುಣಸೆ ಬೀಜ ಕೊಡವಿಕೊಂಡಳು. "ಈಗ ನಂದು ಕೇಳು. ಒಗೆಯೋ ಕಲ್ಲು ಬೆಳಿಗ್ಗೆ ನಂದು, ಮಧ್ಯಾಹ್ನ ನಿಂದು. ನೀರು ಬಂದ್ರೆ ಮೊದ್ಲು ನನ್ನ ಡ್ರಮ್ಮು. ಕೂಗಾಡೋದು ಇದ್ರೆ ಬೀದೀಲಿ ಕೂಗಾಡು, ಒಳಗೆ ಬ್ಯಾಡ, ನಂಗೆ ಬೀಪಿ ಐತೆ."

ದಾಸಮ್ಮ ಅದಾಗಲೇ ಹೊಸ್ತಿಲ ಪಕ್ಕ ಕೂತು ಒಂದು ಹುಣಸೆಹಣ್ಣು ಎತ್ತಿಕೊಂಡಿದ್ದಳು. ರೂಮು ನೋಡಿದರೆ ಮಧುಗಿರಿಯ ಮನೆಯ ಅಡುಗೆಮನೆಯಷ್ಟೇ ಇತ್ತು. ಕಿಟಕಿ ಒಂದೇ. ಅದರಿಂದ ಕಾಣುವುದು ಪ್ರಸನ್ನ ಕುಮಾರನ ಖಾಲಿ ಮಹಡಿ. ಆಗಲಿ ಎಂದಳು ಮಂಜಮ್ಮ. ದಿನಾ ನೋಡಲಿ, ನಾನೂ ನೋಡುತ್ತೇನೆ.

ಆಷಾಢ ಕಳೆಯುವವರೆಗೆ ಅವಳು ಕಾಯಲಿಲ್ಲ. ಆಷಾಢದಲ್ಲಿ ಮನೆ ಬದಲಾಯಿಸಬಾರದೆಂದು ಪಾಪಕ್ಕ ದೂರದಿಂದಲೇ ಬುದ್ಧಿ ಹೇಳಿದಳು. "ನಿಮ್ಮ ಪಂಚಾಂಗ ನಿಮ್ಮೋರಿಗೆ ಹೇಳ್ಕೊಳ್ಳಿ ಪಾಪಕ್ಕ" ಎಂದು ಮಂಜಮ್ಮ ಪಾತ್ರೆ ಕಟ್ಟಿದಳು. ಪುಸ್ತಕ, ಟ್ರಂಕು, ಮಂಚ, ಅಪ್ಪನ ಜಾಗಟೆ ಎಲ್ಲ ಲಗೇಜ್ ಆಟೋ ಏರಿದವು. ಬರಿದಾದ ಮನೆಯನ್ನು ಗುಡಿಸಿ, ನೆಲ ಒರೆಸಿ, ಒಲೆಕಟ್ಟೆ ತೊಳೆದಳು. ಕೊಳಕು ಮಾಡಿ ಹೋದರು ಎಂಬ ಮಾತಿಗೆ ಅವಳು ಜಾಗ ಬಿಡುವವಳಲ್ಲ. ದಾಸಮ್ಮ ಆಟೋದಲ್ಲಿ ಡ್ರೈವರಿನ ಪಕ್ಕ ಕೂತಳು.

ಮಹಾಲಕ್ಷ್ಮಮ್ಮ ಕೆಳಗಿಳಿದು ಬಂದಳು. ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ರವಿಕೆ ಬಟ್ಟೆ. ಕಣ್ಣು ಕೆಂಪಗಿದ್ದವು. ತಟ್ಟೆಯನ್ನು ಜಗಲಿಯ ಮೇಲೆ, ದಾಸವಾಳದ ಕುಂಡದ ಪಕ್ಕ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಬರಿಗೈಲಿ ಹೋಗ್ಬಾರ್ದು ಮೇಡಂ. ತಗೊಳ್ಳಿ."

"ಕೈಗೆ ಕೊಡಿ, ತಗೊಳ್ತೀನಿ."

ಮಹಾಲಕ್ಷ್ಮಮ್ಮ ಎದುರುಮನೆಯ ಕಡೆ ನೋಡಿದಳು. ಅಲ್ಲಿ ಪಾಪಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ತಟ್ಟೆ ಇದ್ದಲ್ಲೇ ಇತ್ತು.

"ಬೀಗದ ಕೈ ಅಲ್ಲೇ ಇಟ್ಟೋಗಿ ಮೇಡಂ," ಎಂದಳು ಮಹಾಲಕ್ಷ್ಮಮ್ಮ.

ಮಂಜಮ್ಮ ಬೀಗದ ಕೈ ಇಡಲಿಲ್ಲ. ಅಂಗೈ ಮೇಲೆ ಹಿಡಿದು ಅವಳ ಮುಂದೆ ಚಾಚಿದಳು. "ತಗೊಳ್ಳಿ."

"ಅಲ್ಲೇ..."

"ಈ ಕೈಯೇ ನಿಮ್ಮ ಜಡೆ ಹೆಣೆದಿದ್ದು. ತಗೊಳ್ಳಿ. ಇಲ್ಲಾಂದ್ರೆ ನಿಮ್ಮ ಮನೆ ಬೀಗದ ಕೈ ನನ್ನ ಜೊತೆ ಸಿರಾಕ್ಕೆ ಬರುತ್ತೆ."

ಆಟೋದವನು ಹಾರ್ನ್ ಹೊಡೆದ. ಮಂಜಮ್ಮ ಅಲುಗಲಿಲ್ಲ. ಬೆಳಗಿನ ಬಿಸಿಲು ಬಂಡೆಯ ಮೇಲಿಂದ ಜಾರಿ ಜಗಲಿಗೆ ಬಂದಿತ್ತು. ಮತ್ತೊಂದು ಹಾರ್ನ್ ಆಯಿತು. ಪಾಪಕ್ಕ ನೋಡುತ್ತಲೇ ಇದ್ದಳು. ಕೊನೆಗೆ ಮಹಾಲಕ್ಷ್ಮಮ್ಮ ಕಣ್ಣು ತಗ್ಗಿಸಿಕೊಂಡು ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು. ಬೀಗದ ಕೈ ತೆಗೆದುಕೊಂಡಳು.

ಮಂಜಮ್ಮ ತಟ್ಟೆಯ ಕಡೆ ತಿರುಗಿ ನೋಡಲಿಲ್ಲ. ಹೊಸ್ತಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಆಟೋದ ಹಿಂದೆ ಟ್ರಂಕಿನ ಮೇಲೆ ಹತ್ತಿ ಕೂತು, "ನಡೀಪ್ಪಾ" ಎಂದಳು.